ಉಳಿಸಿದ ಕರೆಂಟಿಗೆ ಕಾಡು ಕಡಿಯಬೇಕಿಲ್ಲ

ಹವಾಮಾನ ಬದಲಾವಣೆಯ ಮಾತೆತ್ತಿದರೆ ನಮ್ಮಲ್ಲಿ ಒಂದೇ ಉತ್ತರ ಸಿದ್ಧವಾಗಿರುತ್ತದೆ: ಹಸಿರು ವಿದ್ಯುತ್ತು ಹೆಚ್ಚಬೇಕು. ಸೋಲಾರ್ ಪಾರ್ಕುಗಳು ಬರಲಿ, ಗಾಳಿಯಂತ್ರಗಳು ಏಳಲಿ, ಬೆಟ್ಟ ಕೊರೆದು ಪಂಪ್ಡ್ ಸ್ಟೋರೇಜ್ ಘಟಕ ಕಟ್ಟಲಿ. ಮಂತ್ರಿಗಳು ಇದನ್ನು ಹೇಳುತ್ತಾರೆ, ಉದ್ಯಮದವರು ಹೇಳುತ್ತಾರೆ, ಪರಿಸರದ ಬಗ್ಗೆ ನಿಜವಾದ ಕಾಳಜಿ ಇರುವ ಎಷ್ಟೋ ಸ್ನೇಹಿತರೂ ಹೇಳುತ್ತಾರೆ. ಇದರ ಬೆನ್ನಿಗೇ ಎರಡನೆಯ ಮಾತು ಬರುತ್ತದೆ: ಭೂಮಿ ಉಳಿಸುವ ಇಷ್ಟು ದೊಡ್ಡ ಕೆಲಸಕ್ಕೆ ಪರಿಸರ ಕಾನೂನುಗಳು ಅಡ್ಡಗಾಲಾಗಬಾರದು, ಅನುಮತಿಗಳು ಬೇಗ ಸಿಗಬೇಕು, ನಿಯಮ ಸಡಿಲವಾಗಬೇಕು. ವಿದ್ಯುತ್ ಉಳಿತಾಯಕ್ಕೆ ಉಳಿಯುವುದು ಡಿಸೆಂಬರ್ 14ರ ಇಂಧನ ಸಂರಕ್ಷಣಾ ದಿನ ಮಾತ್ರ. ಅಂದು ಶಾಲಾ ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆ, ದೊಡ್ಡವರಿಗೆ ಪ್ರತಿಜ್ಞೆ.

ಉತ್ಪಾದನೆಯೇ ಪರಿಹಾರ, ಕಾನೂನೇ ತೊಡಕು, ಉಳಿತಾಯವೆಂಬುದು ಮನೆಯವರ ಒಳ್ಳೆಯ ಅಭ್ಯಾಸ ಎಂಬ ಈ ನಂಬಿಕೆ ಬುಡದಿಂದಲೇ ತಪ್ಪು ಎಂದು ನನ್ನ ವಾದ. ಉಳಿಸಿದ ಕರೆಂಟೇ ಅತ್ಯಂತ ಅಗ್ಗದ, ಅತ್ಯಂತ ಹಸಿರಾದ ಕರೆಂಟು. ಅದು ಸಿಗುವುದು ಪ್ರತಿಜ್ಞೆಯಿಂದಲ್ಲ, ಕಾನೂನಿನಿಂದ. ಕಾನೂನನ್ನು ಸಡಿಲಗೊಳಿಸುತ್ತ ಹವಾಮಾನ ಕಾಪಾಡುತ್ತೇವೆ ಎನ್ನುವವರು ಕಾಪಾಡಬೇಕಾದದ್ದನ್ನೇ ಒತ್ತೆ ಇಡುತ್ತಿದ್ದಾರೆ.

ಶರಾವತಿಯನ್ನೇ ನೋಡಿ. ಈ ನಾಡಿನ ಕತ್ತಲೆ ನೀಗಿಸಲು ಅದಕ್ಕಿಂತ ಹೆಚ್ಚು ಕೊಟ್ಟ ಕಣಿವೆ ಇನ್ನೊಂದಿಲ್ಲ. ಹಿರೇಭಾಸ್ಕರದ ಅಣೆಕಟ್ಟೆ ಊರುಗಳನ್ನು ಮುಳುಗಿಸಿತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಇನ್ನಷ್ಟು ಊರು, ಗದ್ದೆ, ತೋಟ, ದೇವಸ್ಥಾನಗಳನ್ನು ನುಂಗಿತು. ಆಗ ಒಕ್ಕಲೆದ್ದು ಹೋದವರ ಮೊಮ್ಮಕ್ಕಳು ಇವತ್ತಿಗೂ ಉಳುವ ನೆಲದ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೊಂದು ಅಣೆಕಟ್ಟೆ ಬಂತು. ಇಷ್ಟಾದರೂ ಉಳಿದುಕೊಂಡ ಕಾಡಿನಲ್ಲಿ ಸಿಂಗಳೀಕಗಳು ಬದುಕಿಕೊಂಡಿವೆ. ಜಗತ್ತಿನಲ್ಲಿ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ, ನೆಲಕ್ಕಿಳಿಯುವುದೇ ಅಪರೂಪವಾಗಿ ಮರದಿಂದ ಮರಕ್ಕೆ ಬದುಕು ಸಾಗಿಸುವ ಜೀವಿ ಅದು. ಅದಕ್ಕಾಗಿಯೇ 2019ರಲ್ಲಿ ಸರ್ಕಾರ ಅಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ಘೋಷಿಸಿತು. ಈಗ ಅದೇ ಅಭಯಾರಣ್ಯದ ನಡುವೆ, ಮೇಲಿನ ತಲಕಳಲೆ ಮತ್ತು ಕೆಳಗಿನ ಗೇರುಸೊಪ್ಪೆ ಜಲಾಶಯಗಳ ನಡುವಿನ ಬೆಟ್ಟವನ್ನು ಕೊರೆದು 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಕಟ್ಟುವ ಯೋಜನೆ. 2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಅದಕ್ಕೆ ತಾತ್ವಿಕ ಒಪ್ಪಿಗೆಯನ್ನೂ ಕೊಟ್ಟಿತು.

ಯೋಜನೆಯ ಪರವಾಗಿ ಹೇಳುವವರ ವಾದವನ್ನು ಪೂರ್ತಿ ಕೇಳೋಣ. ಹಗಲು ಸೋಲಾರ್ ಕರೆಂಟು ಬೇಕಾದಷ್ಟಿರುತ್ತದೆ, ಹೊತ್ತು ಮುಳುಗಿದ ಮೇಲೆ ಇರುವುದಿಲ್ಲ. ಸಂಜೆ ಆರರಿಂದ ಹತ್ತರವರೆಗೆ ಬೇಡಿಕೆ ಏರುತ್ತದೆ. ಹಗಲಿನ ಕರೆಂಟಿನಿಂದ ನೀರು ಮೇಲೇರಿಸಿ, ಸಂಜೆ ಅದನ್ನು ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸಿದರೆ ಕಲ್ಲಿದ್ದಲು ಸುಡಬೇಕಿಲ್ಲ. ತಂತ್ರಜ್ಞಾನವಾಗಿ ಇದು ಹುಸಿಯಲ್ಲ; ಹಲವು ದೇಶಗಳಲ್ಲಿ ನಡೆಯುತ್ತಿರುವುದೇ. ಆದರೆ ಇಂಥ ಘಟಕ ತಾನಾಗಿ ಒಂದು ಯೂನಿಟ್ಟನ್ನೂ ಹುಟ್ಟಿಸುವುದಿಲ್ಲ. ನೂರು ಯೂನಿಟ್ ತಿಂದು ಎಪ್ಪತ್ತೈದೋ ಎಂಬತ್ತೋ ಹಿಂದಿರುಗಿಸುತ್ತದೆ, ಉಳಿದದ್ದು ಏರಿಸಿ ಇಳಿಸುವುದರಲ್ಲೇ ಕರಗುತ್ತದೆ. ಅಂದರೆ ಕಾಡು ಕಳೆದುಕೊಂಡು ನಾವು ಪಡೆಯುವುದು ಸಂಜೆಯ ನಾಲ್ಕಾರು ಗಂಟೆಯ ಅನುಕೂಲ. ಹಾಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ, ಆ ಸಂಜೆಯ ಬೇಡಿಕೆ ಯಾತರದು, ಅದನ್ನು ತಗ್ಗಿಸಲು ಆಗುವುದಿಲ್ಲವೆ ಎಂಬುದಲ್ಲವೆ? ಯೋಜನೆಯ ಪರವಾದ ಮಾತುಗಳಲ್ಲಿ ಈ ಪ್ರಶ್ನೆ ಕೇಳಿಬರುವುದಿಲ್ಲ. ಬೇಡಿಕೆಯನ್ನು ಮಳೆ ಬಿಸಿಲಿನ ಹಾಗೆ ದೈವದತ್ತವೆಂದು ಒಪ್ಪಿಕೊಂಡೇ ಎಲ್ಲರೂ ಮಾತು ಶುರುಮಾಡುತ್ತಾರೆ.

ಬರೀ ಸೀಲಿಂಗ್ ಫ್ಯಾನಿನ ಲೆಕ್ಕ ಹಾಕೋಣ. ಸಾಮಾನ್ಯ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಅಷ್ಟೇ ಗಾಳಿಯನ್ನು 30 ವ್ಯಾಟ್ ಆಸುಪಾಸಿನಲ್ಲಿ ಕೊಡುತ್ತದೆ. ವ್ಯತ್ಯಾಸ 45 ವ್ಯಾಟ್. ಬೇಸಿಗೆಯ ಸಂಜೆ ಒಂದು ಕೋಟಿ ಫ್ಯಾನ್ ತಿರುಗುತ್ತಿದ್ದರೆ ಉಳಿಯುವುದು 450 ಮೆಗಾವ್ಯಾಟ್. ಕರ್ನಾಟಕದಲ್ಲಿ ಒಂದೂವರೆ ಕೋಟಿ ಮನೆ, ಮನೆಗೆರಡು ಫ್ಯಾನ್ ಎಂದುಕೊಂಡರೆ 1350 ಮೆಗಾವ್ಯಾಟ್. ತಂತಿಯಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ಎಲ್ಲ ಮನೆಯ ಎಲ್ಲ ಫ್ಯಾನೂ ಒಮ್ಮೆಲೇ ತಿರುಗುವುದಿಲ್ಲ, ನಿಜ, ಅರ್ಧವನ್ನೇ ಹಿಡಿಯಿರಿ. ಅಂಗಡಿ, ಶಾಲೆ, ಆಸ್ಪತ್ರೆ, ಕಚೇರಿ, ಹಾಸ್ಟೆಲುಗಳನ್ನು ನಾನಿನ್ನೂ ಸೇರಿಸಿಯೇ ಇಲ್ಲ. ಎಸಿ, ಫ್ರಿಜ್, ಬೀದಿ ದೀಪ, ಕಾರ್ಖಾನೆಯ ಮೋಟಾರುಗಳನ್ನು ಮುಟ್ಟಿಯೇ ಇಲ್ಲ. ಇದಕ್ಕೆ ಯಾವ ಸುರಂಗವೂ ಬೇಡ, ಯಾವ ಮಂಡಳಿಯ ಒಪ್ಪಿಗೆಯೂ ಬೇಡ. ಆ ಮೇಲೂ ಸಂಜೆಗೆ ಕೊರತೆ ಬಿದ್ದರೆ, ಕೆಲವೇ ವರ್ಷಗಳಲ್ಲಿ ಬೆಲೆ ಬಹಳ ಇಳಿದಿರುವ ಬ್ಯಾಟರಿಗಳನ್ನು ಸಬ್‌ಸ್ಟೇಷನ್ನಿನ ಪಕ್ಕದಲ್ಲೇ ಇಡಬಹುದು.

ಇದು ಹೊಸ ವಿಚಾರವೂ ಅಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೂತು ಅಮೂಲ್ಯ ರೆಡ್ಡಿಯವರು ಇದನ್ನು ನಮ್ಮ ರಾಜ್ಯಕ್ಕೇ ಲೆಕ್ಕ ಹಾಕಿ ತೋರಿಸಿದ್ದರು. 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕಟ್ಟಿದವರು ಅವರು. ಎಂಬತ್ತರ ದಶಕದ ಕೊನೆಗೆ ಕರ್ನಾಟಕ ಸರ್ಕಾರದ ಸಮಿತಿಯೊಂದು 2000ನೇ ಇಸವಿಯ ಹೊತ್ತಿಗೆ ರಾಜ್ಯಕ್ಕೆ ಎಷ್ಟು ವಿದ್ಯುತ್ ಬೇಕಾದೀತೆಂದು ಅಂದಾಜಿಸಿ, ದೊಡ್ಡ ದೊಡ್ಡ ಸ್ಥಾವರಗಳ ಪಟ್ಟಿ ಮುಂದಿಟ್ಟಿತ್ತು. ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ಅದಕ್ಕೆ ಎದುರಾಗಿ ಇನ್ನೊಂದು ಲೆಕ್ಕ ಪ್ರಕಟಿಸಿದರು. ಜನಕ್ಕೆ ಬೇಕಾದದ್ದು ಕಿಲೋವ್ಯಾಟ್ ಅಲ್ಲ. ಬೆಳಕು, ನೀರು, ಬಿಸಿನೀರು, ಅಡುಗೆ, ಕೆಲಸ. ಇವನ್ನು ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಒದಗಿಸಬಹುದು ಎಂದು ಕೆಳಗಿನಿಂದ ಮೇಲಕ್ಕೆ ಕೂಡಿಸುತ್ತ ಹೋದರು. ಪ್ರತಿ ಮನೆಗೂ ದೀಪ ಕೊಟ್ಟ ಮೇಲೂ ಸರ್ಕಾರಿ ಅಂದಾಜಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಸಾಕೆಂದು ಅವರ ಲೆಕ್ಕ ತೋರಿಸಿತು. ಉಳಿತಾಯವೆಂದರೆ ಬಡವರನ್ನು ಕತ್ತಲಲ್ಲಿ ಕೂರಿಸುವುದು ಎಂದು ಹೀಗಳೆಯುವವರು ಆ ಲೇಖನವನ್ನು ಇವತ್ತಾದರೂ ತೆಗೆದು ಓದಬೇಕು. ಬಡವರ ಮನೆಗೆ ದೀಪ ತಲುಪಿಸುವ ಅಗ್ಗದ ದಾರಿಯೆಂದೇ ರೆಡ್ಡಿ ಉಳಿತಾಯವನ್ನು ಪ್ರತಿಪಾದಿಸಿದ್ದು. 2006ರಲ್ಲಿ ಅವರು ತೀರಿಕೊಂಡರು. ಅವರ ಊರಲ್ಲೇ ಅವರ ಹೆಸರು ಮರೆಯಾಗುತ್ತಿರುವುದು ನನಗೆ ನೋವಿನ ಸಂಗತಿ.

ವಿಚಾರ ಇಷ್ಟು ಹಳೆಯದಾಗಿದ್ದರೂ ಉಳಿತಾಯವೇಕೆ ಕೈಗೂಡಲಿಲ್ಲ? ಅದನ್ನು ಮನಸ್ಸಾಕ್ಷಿಗೆ ಬಿಟ್ಟದ್ದರಿಂದ. ಬಾಡಿಗೆ ಮನೆ ಕಟ್ಟಿಸುವ ಮಾಲೀಕ ಅಗ್ಗದ ಫ್ಯಾನ್ ಹಾಕಿಸುತ್ತಾನೆ, ಬಿಲ್ಲು ಕಟ್ಟುವುದು ಬಾಡಿಗೆದಾರ. ಕಾಂಪ್ಲೆಕ್ಸ್ ಕಟ್ಟುವ ಬಿಲ್ಡರ್ ಮೈಯೆಲ್ಲ ಗಾಜು ಹೊದಿಸಿ ಮಾರಿ ಹೋಗುತ್ತಾನೆ, ಆ ಬಿಸಿಯನ್ನು ತಣಿಸಲು ಮುಂದಿನ ಮೂವತ್ತು ವರ್ಷ ಎಸಿ ಓಡಿಸುವವರು ಬೇರೆಯವರು. ತೀರ್ಮಾನ ಒಬ್ಬರದು, ಖರ್ಚು ಇನ್ನೊಬ್ಬರದು ಆದಾಗ ಎಷ್ಟು ಪ್ರತಿಜ್ಞೆ ಮಾಡಿಸಿದರೂ ಏನೂ ಬದಲಾಗುವುದಿಲ್ಲ. ಅಂಥ ಕಡೆ ಬೇಕಾದದ್ದು ಕಾನೂನು.

ಕಾನೂನು ಕೈಯಿಟ್ಟ ಕಡೆಯೆಲ್ಲ ಫಲ ಕಣ್ಣಿಗೆ ಕಾಣುತ್ತದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಬಂದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2006ರಲ್ಲಿ ನಕ್ಷತ್ರದ ಪಟ್ಟಿ ಶುರುಮಾಡಿತು. 2010ರಿಂದ ಫ್ರಾಸ್ಟ್ ಫ್ರೀ ಫ್ರಿಜ್ಜಿಗೂ ಎಸಿಗೂ ಅದು ಕಡ್ಡಾಯವಾಯಿತು. ಕೆಲವು ವರ್ಷಕ್ಕೊಮ್ಮೆ ಮಟ್ಟವನ್ನು ಬಿಗಿಗೊಳಿಸುತ್ತ ಬಂದದ್ದರಿಂದ ಅಂದಿನ ಐದು ನಕ್ಷತ್ರದ ಎಸಿಗೆ ಇಂದು ಐದು ಸಿಗುವುದಿಲ್ಲ. 2020ರ ಜನವರಿಯಿಂದ ಕೊಠಡಿ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಕಾರ್ಖಾನೆಯಿಂದ ಹೊರಬರಬೇಕೆಂಬ ನಿಯಮ ಬಂತು. ಎಲ್‌ಇಡಿ ಬಲ್ಬಿನ ಕಥೆಯಂತೂ ಎಲ್ಲರ ಮನೆಯದು. 2014ರಲ್ಲಿ ಸರ್ಕಾರಿ ಖರೀದಿಯಲ್ಲಿ 310 ರೂಪಾಯಿ ಇದ್ದ ಬಲ್ಬು, ಕೋಟಿಗಟ್ಟಲೆ ಒಟ್ಟಿಗೆ ಕೊಳ್ಳತೊಡಗಿದ ಮೇಲೆ ಎರಡೇ ವರ್ಷದಲ್ಲಿ 38 ರೂಪಾಯಿಗೆ ಇಳಿಯಿತು. 36 ಕೋಟಿಗೂ ಹೆಚ್ಚು ಬಲ್ಬುಗಳು ಮನೆಮನೆ ಸೇರಿದವು. ಹಳ್ಳಿಯ ಅಂಗಡಿಯಲ್ಲೂ ಈಗ ಬುರುಡೆ ಬಲ್ಬು ಸಿಗುವುದು ಕಷ್ಟ.

ಬೆಂಗಳೂರಿನದೇ ಉದಾಹರಣೆ ಬೇಕೆ? ಯಾವುದಾದರೂ ಬಡಾವಣೆಯ ಮಹಡಿ ಹತ್ತಿ ಸುತ್ತ ನೋಡಿ. ತಾರಸಿಗಳ ಮೇಲೆಲ್ಲ ಸೋಲಾರ್ ವಾಟರ್ ಹೀಟರ್. ಹೊಸ ಮನೆಗೆ ಕರೆಂಟು ಬೇಕಾದರೆ ಅದು ಇರಲೇಬೇಕೆಂದು ನಿಯಮ ಮಾಡಿದ್ದು, ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ ಕೊಟ್ಟದ್ದು ಇದರ ಹಿಂದಿದೆ. ಬೆಳಗಿನ ಸ್ನಾನದ ಹೊತ್ತಿಗೆ ಗೀಸರುಗಳು ಎಳೆಯುತ್ತಿದ್ದ ಕರೆಂಟು ಅಷ್ಟರಮಟ್ಟಿಗೆ ಉಳಿಯಿತು. ಮೊದಲು ಗೊಣಗಿದವರಿದ್ದರು. ಇವತ್ತು ಯಾರೂ ಅದನ್ನು ಹೊರೆ ಎನ್ನುವುದಿಲ್ಲ.

ಕಾನೂನು ಹಿಂಜರಿದ ಕಡೆ ಏನಾಗಿದೆ? ರಾಜ್ಯದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೋಗುವುದು ನೀರಾವರಿ ಪಂಪ್‌ಸೆಟ್ಟುಗಳಿಗೆ. ಅವು 30 ಲಕ್ಷಕ್ಕೂ ಹೆಚ್ಚಿವೆ. ಹತ್ತು ಹೆಚ್‌ಪಿವರೆಗೆ 2008ರಿಂದ ಕರೆಂಟು ಉಚಿತ. ನಾನಿಲ್ಲಿ ರೈತರನ್ನು ದೂರುತ್ತಿಲ್ಲ. ಬೋರಿನ ನೀರು ಪಾತಾಳಕ್ಕಿಳಿದು, ವೋಲ್ಟೇಜ್ ಏರಿಳಿದು, ವರ್ಷಕ್ಕೆರಡು ಸಲ ಮೋಟಾರು ಸುಟ್ಟು ರಿವೈಂಡಿಂಗ್‌ಗೆ ದುಡ್ಡು ಸುರಿಯುವವನಿಗೆ ದಕ್ಷತೆಯ ಪಾಠ ಹೇಳುವುದು ಕ್ರೌರ್ಯ. ತಪ್ಪು ಇರುವುದು ವ್ಯವಸ್ಥೆಯಲ್ಲಿ. ಮೀಟರಿಲ್ಲದೆ ಕರೆಂಟು ಕೊಡಬಾರದೆಂದು 2003ರ ವಿದ್ಯುತ್ ಕಾಯ್ದೆಯ 55ನೇ ಕಲಮು ಹೇಳಿದರೂ ಬಹುಪಾಲು ಪಂಪ್‌ಸೆಟ್ಟಿಗೆ ಮೀಟರಿಲ್ಲ. ಹೀಗಾಗಿ ರೈತನ ಹೆಸರಿನಲ್ಲಿ ಬರೆದ ಯೂನಿಟ್ಟುಗಳಲ್ಲಿ ಹೊಲಕ್ಕೆ ಹೋದದ್ದೆಷ್ಟು, ಕಳವಾದದ್ದೆಷ್ಟು, ಸೋರಿದ್ದೆಷ್ಟು ಎಂದು ಖಚಿತವಾಗಿ ಹೇಳಲಾಗದು. ಒಳ್ಳೆಯ ಪಂಪು, ಒಳ್ಳೆಯ ಕೇಬಲ್ಲು, ಸರಿಯಾದ ಪೈಪು ಹಾಕಿದರೆ ಅಷ್ಟೇ ನೀರಿಗೆ ಎಷ್ಟೋ ಕಡಿಮೆ ಕರೆಂಟು ಸಾಕೆಂದು ದೊಡ್ಡಬಳ್ಳಾಪುರದಲ್ಲೂ ಮಂಡ್ಯದಲ್ಲೂ ಮಾಡಿನೋಡಿದ್ದಾರೆ. ಪ್ರಯೋಗ ಪ್ರಯೋಗವಾಗಿಯೇ ಉಳಿಯಿತು. ಸರ್ಕಾರವೇ ತನ್ನ ಸಬ್ಸಿಡಿ ಹಣದಿಂದ ಪಂಪು ಬದಲಿಸಿಕೊಟ್ಟರೆ ಅದೇ ಸಬ್ಸಿಡಿ ಕೆಲ ವರ್ಷಗಳಲ್ಲಿ ಉಳಿಯುತ್ತದೆ. ಹಾಗೆ ಮಾಡಲೇಬೇಕೆಂಬ ಕಟ್ಟಳೆ ಇಲ್ಲ, ಆದ್ದರಿಂದ ಆಗುವುದಿಲ್ಲ.

ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಬಗ್ಗೆಯೂ ಒಂದು ಮಾತು. ಬಡವರ ಮನೆಗೆ ಉಚಿತ ಬೆಳಕು ಕೊಡುವುದಕ್ಕೆ ನನ್ನ ತಕರಾರಿಲ್ಲ. ಆದರೆ 2023ರಲ್ಲಿ ಅದನ್ನು ಜಾರಿಗೊಳಿಸಿದಾಗ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ, ಪ್ರತಿ ಮನೆಯ ಉಚಿತ ಪಾಲನ್ನು ಗೊತ್ತುಮಾಡಿದರು. ತಿಂಗಳಿಗೆ 180 ಯೂನಿಟ್ ಉರಿಸಿದವರಿಗೆ 198 ಉಚಿತ. 40ರಲ್ಲಿ ಮನೆ ನಡೆಸಿದ ತಾಯಿಗೆ 44. ಮುಂದೆ ತೀರ ಕಡಿಮೆ ಬಳಸುವವರಿಗೆ ಹತ್ತು ಯೂನಿಟ್ ಸೇರಿಸಿ ಕೊಟ್ಟು ಸ್ವಲ್ಪ ಸರಿಪಡಿಸಿದರು, ತತ್ವ ಬದಲಾಗಲಿಲ್ಲ. ಉಳಿಸಿದವರಿಗೆ ಕಡಿಮೆ, ಖರ್ಚು ಮಾಡಿದವರಿಗೆ ಹೆಚ್ಚು ಎಂದು ಸರ್ಕಾರಿ ಆದೇಶವೇ ಹೇಳುವ ನಾಡಿನಲ್ಲಿ ಮಕ್ಕಳ ಕೈಲಿ ಉಳಿತಾಯದ ಚಿತ್ರ ಬರೆಸುವುದು ಅನ್ಯಾಯ. ಎಲ್ಲರಿಗೂ ಒಂದೇ ಸಮನಾದ ಉಚಿತ ಪಾಲು ಕೊಟ್ಟು, ಬಳಸದೆ ಉಳಿಸಿದ್ದಕ್ಕೆ ಬಿಲ್ಲಿನಲ್ಲಿ ಹಣ ಜಮಾ ಮಾಡಲು ಏನಡ್ಡಿ?

ಕಟ್ಟಡಗಳದು ಇನ್ನೂ ದೊಡ್ಡ ಲೋಪ. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲೇ ಬಂತು, 2017ರಲ್ಲಿ ಪರಿಷ್ಕರಣೆಗೊಂಡಿತು. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ವಾಸದ ಕಟ್ಟಡಗಳನ್ನೂ ಅದರ ವ್ಯಾಪ್ತಿಗೆ ತಂದಿತು. ನಮ್ಮ ಹವೆಗೆ ತಕ್ಕಂತೆ ಸಂಹಿತೆಯನ್ನು ತಿದ್ದಿಕೊಳ್ಳುವ ಅಧಿಕಾರವನ್ನು ಕಾಯ್ದೆ ರಾಜ್ಯಕ್ಕೇ ಕೊಟ್ಟಿದೆ. ಬೆಂಗಳೂರಿನಂಥ ತಂಪು ಊರಿನಲ್ಲಿ ಕಿಟಕಿ ತೆರೆದರೆ ವರ್ಷದ ಬಹುಪಾಲು ಗಾಳಿ ಸಾಕು. ಅಲ್ಲಿ ಹೊರವರ್ತುಲ ರಸ್ತೆಯುದ್ದಕ್ಕೂ ತೆರೆಯಲಾಗದ ಗಾಜಿನ ಗೋಡೆಗಳು ಎದ್ದಿವೆ. ನಕ್ಷೆ ಮಂಜೂರಾತಿಯ ಹಂತದಲ್ಲೇ ಇದನ್ನು ತಡೆಯಬೇಕಾದವರು ತಡೆಯದಿದ್ದಕ್ಕೆ ಶರಾವತಿಯ ಸಿಂಗಳೀಕ ಬೆಲೆ ತೆರಬೇಕೆ?

ಪರಿಸರ ಕಾನೂನಿನ ಕಡೆ ನಡೆದಿರುವುದು ಇನ್ನೂ ಕಳವಳದ್ದು. 1984ರ ಭೋಪಾಲದ ಸಾವುಗಳ ಮೇಲೆ ಹುಟ್ಟಿದ್ದು 1986ರ ಪರಿಸರ ಸಂರಕ್ಷಣಾ ಕಾಯ್ದೆ. ಅದನ್ನು ಉಲ್ಲಂಘಿಸಿದರೆ ಐದು ವರ್ಷದವರೆಗೆ ಜೈಲು ಎಂದಿತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿವರೆಗಿನ ದಂಡವಾಗಿಸಿತು. ಸಾವಿರಾರು ಕೋಟಿಯ ಯೋಜನೆಗೆ ಹದಿನೈದು ಲಕ್ಷವೆಂದರೆ ಅದೊಂದು ಶುಲ್ಕ, ಶಿಕ್ಷೆಯಲ್ಲ. ಅದೇ ವರ್ಷ ಅರಣ್ಯ ಸಂರಕ್ಷಣಾ ಕಾಯ್ದೆಗೂ ತಿದ್ದುಪಡಿ ಬಂತು. ದಾಖಲೆಯಲ್ಲಿ ಅರಣ್ಯವೆಂದು ಬರೆಯದ ಕಾಡುಗಳ ರಕ್ಷಣೆಯೇ ಅಲುಗಾಡಿತು. ಅನುಮತಿ ಪಡೆಯದೆ ಕಟ್ಟಿ ಆಮೇಲೆ ಅನುಮತಿ ಪಡೆಯುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ 16ರಂದು ತಳ್ಳಿಹಾಕಿದಾಗ ನನ್ನಂಥವರಿಗೆ ಉಸಿರು ಬಂದಂತಾಗಿತ್ತು. ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ ಇಬ್ಬರ ಬಹುಮತದಿಂದ ಆ ತೀರ್ಪನ್ನೇ ಹಿಂತೆಗೆದುಕೊಂಡಿತು. ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಒಬ್ಬರೇ ಭಿನ್ನಮತ ಬರೆದರು. ಪರಿಸರ ಪರಿಣಾಮವನ್ನು ಮೊದಲೇ ಅಳೆಯಬೇಕೆಂಬುದು ಈ ಕಾನೂನಿನ ಜೀವ. ಕಟ್ಟಿ ಮುಗಿಸಿದ ಮೇಲೆ ಅಳೆಯುವುದು ಏನನ್ನು?

ಹಸಿರು ಯೋಜನೆಗಳಿಗೆ ಇಷ್ಟು ಬಿಗಿ ಬೇಡ ಎನ್ನುವವರು ಪಾವಗಡದ ಸೋಲಾರ್ ಪಾರ್ಕಿಗೆ ಹೋಗಿಬರಲಿ. 13 ಸಾವಿರ ಎಕರೆ, ಐದು ಹಳ್ಳಿ, 2050 ಮೆಗಾವ್ಯಾಟ್. ಸೋಲಾರ್ ಪಾರ್ಕಿಗೆ ಪರಿಸರ ಅನುಮತಿಯೇ ಬೇಕಿಲ್ಲ, ಆದ್ದರಿಂದ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯವಿಲ್ಲ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬಾಡಿಗೆ ಬಂತು, ಮಳೆ ನಂಬಿ ಸೋತವರಿಗೆ ಅದು ನೆಮ್ಮದಿಯೂ ಹೌದು. ಆ ಜಮೀನುಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಯಾರು ಕೊಟ್ಟರು? ಭೂಮಿಯಿಲ್ಲದವರು ಎದ್ದು ನಿಂತು ‘ನಮ್ಮ ಗತಿಯೇನು’ ಎಂದು ಕೇಳಲು ಕಾನೂನು ಒದಗಿಸುವ ವೇದಿಕೆ ಆ ಅಹವಾಲು ಸಭೆ. ಅದನ್ನು ತೆಗೆದರೆ ಅವರ ಬಾಯಿ ಮುಚ್ಚಿಸಿದಂತೆಯೇ. 2020ರಲ್ಲಿ ಕೇಂದ್ರ ಹೊರಡಿಸಿದ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಕನ್ನಡದಲ್ಲೇ ಇರಲಿಲ್ಲ. ಜನರ ಭಾಷೆಯಲ್ಲಿಲ್ಲದ ಕರಡಿಗೆ ಜನರ ಅಭಿಪ್ರಾಯ ಪಡೆದಂತಾಗದೆಂದು ಹೋರಾಟಗಾರರು ಹೈಕೋರ್ಟಿಗೆ ಹೋದರು. ನಮ್ಮ ಹೈಕೋರ್ಟು ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಕಾನೂನನ್ನು ತೊಡಕೆನ್ನುವವರು ಮರೆಯುವುದು ಇದನ್ನೇ: ಪಾವಗಡದ ಕೂಲಿಯವನಿಗೂ ಗೇರುಸೊಪ್ಪೆಯ ತೋಟದವನಿಗೂ ಕಾನೂನು ಬಿಟ್ಟರೆ ಬೇರೆ ಆಸರೆ ಇಲ್ಲ.

ರಾಜಸ್ಥಾನ, ಗುಜರಾತಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಪ್ರಕರಣದಲ್ಲಿ 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿ ಬದುಕುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಿಂದ ಹುಟ್ಟುವ ಹಕ್ಕು ಎಂದಿತು. ಸಂತೋಷವೇ. ಆದರೆ ಅದೇ ತೀರ್ಪು, ಹಕ್ಕಿಯ ನೆಲೆಯಲ್ಲಿ ವಿದ್ಯುತ್ ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಕೊಟ್ಟಿದ್ದ ವ್ಯಾಪಕ ಆದೇಶವನ್ನು ಸಡಿಲಿಸಿತು. ಸೋಲಾರ್ ವಿದ್ಯುತ್ತಿಗೆ ತೊಂದರೆಯಾಗುತ್ತದೆ ಎಂಬ ಕಾರಣಕ್ಕೆ. ಹಕ್ಕಿಯೋ ಸೋಲಾರೋ ಎಂದು ಆರಿಸುವ ಸ್ಥಿತಿಗೆ ನ್ಯಾಯಾಲಯ ಬಂದದ್ದೇಕೆ? ಉಳಿತಾಯವೆಂಬ ಮೂರನೆಯ ದಾರಿಯನ್ನು ಯಾರೂ ಅದರ ಮುಂದೆ ಇಡದ ಕಾರಣಕ್ಕೆ. ಹವಾಮಾನದ ಹಕ್ಕಿಗೆ ನಿಜವಾದ ಅರ್ಥ ಬರಬೇಕಾದರೆ, ಪೋಲಾಗುವ ವಿದ್ಯುತ್ತನ್ನು ಸರ್ಕಾರ ಮೊದಲು ತಡೆಯಲಿ ಎಂದು ಕೇಳುವ ಹಕ್ಕೂ ಅದರಲ್ಲಿ ಸೇರಬೇಕು.

ಒಂದು ಆಕ್ಷೇಪ ಬಲವಾದದ್ದು. ದಕ್ಷತೆ ಹೆಚ್ಚಿದಷ್ಟೂ ಬಳಕೆ ಹೆಚ್ಚುತ್ತದೆಂದು ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಬರೆದಿದ್ದಾನೆ. ಕಡಿಮೆ ತಿನ್ನುವ ಫ್ಯಾನ್ ಬಂದರೆ ಜನ ಎರಡು ಹಾಕುತ್ತಾರೆ ಎನ್ನುತ್ತಾರೆ. ಒಂದೂ ಇಲ್ಲದ ಮನೆಯಲ್ಲಿ ಒಂದು ಫ್ಯಾನ್ ಬಂದರೆ ಅದು ನಷ್ಟವಲ್ಲ, ಅದಕ್ಕಾಗಿಯೇ ಉಳಿಸಬೇಕಾದದ್ದು. ಉಳ್ಳವರ ಬಳಕೆ ಏರದಂತೆ ನೋಡಿಕೊಳ್ಳಲು ದರದ ಮೆಟ್ಟಿಲುಗಳಿವೆ, ಕಟ್ಟಡದ ಸಂಹಿತೆಯಿದೆ. ಜೆವನ್ಸನ ಎಚ್ಚರಿಕೆ ಕಾನೂನಿಲ್ಲದ ಉಳಿತಾಯಕ್ಕೆ ಅನ್ವಯಿಸುತ್ತದೆ. ಕಲ್ಲಿದ್ದಲ ವಿಷಯದಲ್ಲೂ ಅಷ್ಟೆ. ಬೇಡಿಕೆ ಹೀಗೇ ಏರುತ್ತ ಹೋದರೆ ಎಷ್ಟು ಸೋಲಾರ್ ಬಂದರೂ ಅದು ರಾಯಚೂರಿನ, ಕುಡಿತಿನಿಯ ಕಲ್ಲಿದ್ದಲು ಸ್ಥಾವರಗಳ ಹೊಗೆಕೊಳವೆಗಳ ಪಕ್ಕದಲ್ಲಿ ಬಂದು ಕೂರುತ್ತದೆ, ಅವುಗಳ ಜಾಗಕ್ಕೆ ಬರುವುದಿಲ್ಲ. 2025ರ ಮಾರ್ಚಿನಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿದ್ದನ್ನು ಸಾಧನೆಯಂತೆ ಹೇಳಿಕೊಂಡವರಿದ್ದಾರೆ. ಅದು ಎಚ್ಚರಿಕೆಯ ಗಂಟೆ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪ್ರತಿ ವರದಿಯಲ್ಲೂ ಪರ್ಯಾಯಗಳ ಒಂದು ಅಧ್ಯಾಯ ಇರಬೇಕು. ಆದರೆ ಅಲ್ಲಿ ಪರ್ಯಾಯವೆಂದರೆ ಬೇರೆ ಜಾಗ ಅಥವಾ ಬೇರೆ ತಂತ್ರಜ್ಞಾನ ಮಾತ್ರ. ಅದಕ್ಕೆ ಮೂರನೆಯದನ್ನು ಸೇರಿಸಬೇಕು: ಇದೇ ಹಣವನ್ನು ಉಳಿತಾಯಕ್ಕೆ ಹಾಕಿದರೆ ಎಷ್ಟು ಮೆಗಾವ್ಯಾಟ್ ಸಿಗುತ್ತದೆ ಎಂಬ ಲೆಕ್ಕ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಬೇಡಿಕೆ ನಿರ್ವಹಣೆಗೆ 2015ರಲ್ಲೇ ನಿಯಮಾವಳಿ ಮಾಡಿದೆ. ವಿದ್ಯುತ್ ಹಂಚುವ ಎಸ್ಕಾಂಗಳಿಗೆ ವರ್ಷಕ್ಕಿಷ್ಟು ಉಳಿಸಲೇಬೇಕೆಂದು ಗುರಿ ಕೊಟ್ಟು, ತಪ್ಪಿದರೆ ದಂಡ ಹಾಕುವ ಬಲವನ್ನು ಅದಕ್ಕೆ ತುಂಬಬೇಕು. ಶರಾವತಿಗೆ ಮೀಸಲಿಟ್ಟಿರುವ ಸಾವಿರಾರು ಕೋಟಿಯಲ್ಲಿ ಎಷ್ಟು ಮನೆಯ ಫ್ಯಾನ್, ಎಷ್ಟು ಹೊಲದ ಪಂಪು ಬದಲಿಸಬಹುದು, ಸಂಜೆಯ ಎಷ್ಟು ಬೇಡಿಕೆ ಇಳಿಯುತ್ತದೆ ಎಂದು ರಾಜ್ಯದ ವಿದ್ಯುತ್ ನಿಗಮವಾದ ಕೆಪಿಸಿ ಮತ್ತು ಎಸ್ಕಾಂಗಳು ಕೂತು ಲೆಕ್ಕ ಹಾಕಲಿ, ಕನ್ನಡದಲ್ಲಿ ಪ್ರಕಟಿಸಲಿ, ಹೊನ್ನಾವರದಲ್ಲೂ ಸಾಗರದಲ್ಲೂ ಅಹವಾಲು ಸಭೆ ಕರೆದು ಜನರ ಮುಂದಿಡಲಿ. ಆ ಹಾಳೆ ಕಡತ ಸೇರುವವರೆಗೆ ಕಣಿವೆಯಲ್ಲಿ ಕೆಲಸ ಶುರುವಾಗಕೂಡದು.